‘ರೀಓಪನ್’ ಎಂಬ ಇಂಗ್ಲಿಷ್ ಕ್ರಿಯಾಪದದ ಪ್ರಯೋಗ

ಇಂಗ್ಲಿಷ್ ವ್ಯಾಕರಣವನ್ನು ಕುರಿತು ಬರೆಯುವಷ್ಟು ಪಾಂಡಿತ್ಯ ನನಗಿಲ್ಲವೆಂಬುದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಹತ್ತನೆಯ ತರಗತಿಯವರೆಗೂ ಕನ್ನಡ ಮಾಧ್ಯಮದಲ್ಲಿಯೇ ಓದಿ ಬಂದವನು ನಾನು. ಆದರೂ ಒಂದು ಚಿಕ್ಕ ಕ್ರಿಯಾಪದ ಗೊತ್ತಿಲ್ಲದ್ದರಿಂದ ನಮ್ಮ ಮನೆಗೆ ಬಂದ ತೊಂದರೆಯನ್ನೂ, ಅನಂತರ ನಾನು ಕಲಿತ ನಾಲ್ಕು ಮಾತುಗಳನ್ನೂ ಸಹಪಾಠಿಗಳ ಮುಂದಿಟ್ಟರೆ ಯಾರಿಗಾದರೂ ಪ್ರಯೋಜನವಾದೀತೆಂದು ಈ ಲೇಖನಕ್ಕೆ ಕೈಹಾಕಿದ್ದೇನೆ. ತಪ್ಪಿದ್ದಲ್ಲಿ ಗುರುಗಳು ತಿದ್ದಬೇಕಾಗಿ ಬೇಡುತ್ತೇನೆ.

ಅಂತಿಮ ವರ್ಷದ ಮೊದಲ ದಿನ ನಮ್ಮ ಇಂಗ್ಲಿಷ್ ಅಧ್ಯಾಪಕರು ತರಗತಿಗೆ ಬಂದು, “ರಜೆ ಮುಗಿಯಿತು, ಕಾಲೇಜು ತೆರೆಯಿತು. ಇದನ್ನೇ ‘ರೀಓಪನ್’ ಎಂಬ ಪದ ಬರುವಂತೆ ಇಂಗ್ಲಿಷಿನಲ್ಲಿ ಹೇಳಿ ನೋಡೋಣ” ಎಂದರು. ಒಬ್ಬ ಮಿತ್ರ “ಅವರ್ ಕಾಲೇಜ್ ಈಸ್ ರೀಓಪನ್” ಎಂದ. ಎರಡನೆಯವಳು “ಅವರ್ ಕಾಲೇಜ್ ರೀಓಪನ್ಡ್ ಅಗೇನ್” ಎಂದಳು. ಮೂರನೆಯವನು “ಅವರ್ ಕಾಲೇಜ್ ಹ್ಯಾಸ್ ರೀಓಪನ್ಡ್ ಯೆಸ್ಟರ್ಡೇ” ಎಂದ. ಮೂವರೂ ಹೇಳಹೊರಟ ಸಂಗತಿ ನಿಜ. ಮೂವರ ವಾಕ್ಯವೂ ತಪ್ಪು. ತರಗತಿಯೆಲ್ಲ ನಕ್ಕಿತು. ನನಗೆ ಮಾತ್ರ ನಗು ಬರಲಿಲ್ಲ. ಅದಕ್ಕೆ ಕಾರಣವನ್ನು ಹೇಳಿಯೇ ಮುಂದೆ ಹೋಗುತ್ತೇನೆ.

ನಮ್ಮ ತಂದೆಯವರದು ಬಸ್ ನಿಲ್ದಾಣದ ಪಕ್ಕದಲ್ಲಿ ಒಂದು ಚಹದ ಪೆಟ್ಟಿಗೆ ಅಂಗಡಿ. 2020 ರ ಮಾರ್ಚಿಯಲ್ಲಿ ಕೊರೋನಾ ಕಾರಣದಿಂದ ದೇಶಕ್ಕೆ ದೇಶವೇ ಬಾಗಿಲು ಹಾಕಿಕೊಂಡಾಗ ಅದೂ ಮುಚ್ಚಿತು. ಬಸ್ಸುಗಳು ಓಡಾಡತೊಡಗಿದ ಮೇಲೆ ತಂದೆಯವರು ಅಂಗಡಿಯನ್ನು ಮತ್ತೆ ತೆರೆದರು. ಆದರೆ ಕೈಯಲ್ಲಿ ಬಂಡವಾಳವಿರಲಿಲ್ಲ. ಬೀದಿ ವ್ಯಾಪಾರಿಗಳಿಗೆ 10,000 ರೂಪಾಯಿಗಳವರೆಗೆ ಸಾಲ ಕೊಡುವ ಕೇಂದ್ರ ಸರ್ಕಾರದ ಸ್ವನಿಧಿ ಯೋಜನೆ ಆ ವರ್ಷದ ಜೂನ್ ತಿಂಗಳಲ್ಲಿ ಆರಂಭವಾಗಿತ್ತಷ್ಟೆ. ಅರ್ಜಿ ಹಾಕಿದೆವು. ಈಗ ವ್ಯಾಪಾರದ ಸ್ಥಿತಿ ಹೇಗಿದೆಯೆಂದು ಒಂದು ಪತ್ರ ಬರೆದು ತರಲು ಬ್ಯಾಂಕಿನವರು ಹೇಳಿದರು. ಅಲ್ಲಿಯ ಅಧಿಕಾರಿಗಳಿಗೆ ಕನ್ನಡ ಬಾರದು. ನಾನು ಆಗ ತಾನೆ ಎಸ್.ಎಸ್.ಎಲ್.ಸಿ. ಮುಗಿಸಿದ್ದೆ, ಇಂಗ್ಲಿಷಿನಲ್ಲಿ ಒಳ್ಳೆಯ ಅಂಕಗಳು ಬಂದಿದ್ದವೆಂಬ ಹೆಮ್ಮೆ ಬೇರೆ. “ಅಂಗ್ಡಿ ಮತ್ತೆ ತೆಗ್ದಿದ್ದೀವಿ, ಯಾಪಾರ ನಡೀತೈತೆ ಅಂತ ಬರಿಯೋ ಮಗಾ” ಎಂದರು ತಂದೆಯವರು.

‘ಓಪನ್’ ಎಂಬುದು ಬಾಗಿಲಿಗೂ ಪುಸ್ತಕಕ್ಕೂ ಹೇಳುವ ಚಿಕ್ಕ ಮಕ್ಕಳ ಮಾತು, ಬ್ಯಾಂಕಿಗೆ ಬರೆಯುವ ಪತ್ರಕ್ಕೆ ದೊಡ್ಡ ಶಬ್ದ ಬೇಕು ಎಂದು ನನಗೆ ತೋರಿತು. ಫೋನಿನಲ್ಲಿ ‘ತೆಗೆದಿದ್ದಾರೆ’ ಎಂದು ಹಾಕಿ ಅದರ ಇಂಗ್ಲಿಷನ್ನು ಹುಡುಕಿ, ಸಿಕ್ಕಿದ್ದನ್ನು ಹಾಗೆಯೇ ಬರೆದೆ: “ಮೈ ಫಾದರ್ ಹ್ಯಾಸ್ ಅಗೇನ್ ರಿಮೂವ್ಡ್ ದಿ ಶಾಪ್.” ಎಂದರೆ, ನಮ್ಮ ತಂದೆ ಅಂಗಡಿಯನ್ನು ಮತ್ತೊಮ್ಮೆ ಕಿತ್ತುಹಾಕಿದ್ದಾರೆ! ಇಲ್ಲದ ಅಂಗಡಿಗೆ ಯಾರು ತಾನೆ ಸಾಲ ಕೊಟ್ಟಾರು? ಪತ್ರ ಹಿಂದಕ್ಕೆ ಬಂತು. “ಅಂಗ್ಡಿ ಇಲ್ಲ ಅಂತ ನಿನ್ ಮಗನೇ ಬರ್ದವನಂತಲ್ಲ” ಎಂದು ಯಾರೋ ಹೇಳಿದ್ದನ್ನು ಕೇಳಿಕೊಂಡು ಓದು ಬಾರದ ತಂದೆಯವರು ಮನೆಗೆ ಬಂದು ಸುಮ್ಮನೆ ಕುಳಿತರು. ಮತ್ತೆ ಪತ್ರ, ಮತ್ತೆ ಸರದಿ ಎಂದು ಮೂರು ವಾರಗಳು ಕಳೆದವು. ಆ ಮೂರು ವಾರ ಹಾಲಿಗೂ ಸಕ್ಕರೆಗೂ ದುಡ್ಡು ಹೊಂದಿಸಲು ಅಮ್ಮನ ಓಲೆಗಳು ಗಿರವಿ ಅಂಗಡಿಗೆ ಹೋದವು.

ಅಂಗಡಿಗೆ ದಿನವೂ ಚಹಕ್ಕೆ ಬರುವ ನಿವೃತ್ತ ಮೇಷ್ಟ್ರೊಬ್ಬರು ಆ ಪತ್ರವನ್ನು ನೋಡಿ ಹೀಗೆ ತಿದ್ದಿಕೊಟ್ಟರು: “ಮೈ ಫಾದರ್ಸ್ ಟೀ ಶಾಪ್ ಕ್ಲೋಸ್ಡ್ ಇನ್ ಮಾರ್ಚ್. ಇಟ್ ಹ್ಯಾಸ್ ನೌ ರೀಓಪನ್ಡ್.” ಎರಡು ಪುಟ್ಟ ವಾಕ್ಯಗಳು, ದೊಡ್ಡ ಶಬ್ದ ಒಂದೂ ಇಲ್ಲ. ಅಂದಿನಿಂದ ಈ ಕ್ರಿಯಾಪದ ಎಲ್ಲಿ ಕಂಡರೂ ನಿಂತು ನೋಡುವುದು ನನ್ನ ಅಭ್ಯಾಸವಾಗಿದೆ.

ತಪ್ಪಿನ ಮೂಲ

ನನ್ನ ತಪ್ಪಿನ ಮೂಲ ಇಂಗ್ಲಿಷಿನಲ್ಲಿರಲಿಲ್ಲ, ಕನ್ನಡದಲ್ಲಿತ್ತು. ನಮ್ಮ ‘ತೆಗೆ’ ಎಂಬ ಧಾತುವಿನ ವ್ಯಾಪ್ತಿಯನ್ನು ನೋಡಿ: ಬಾಗಿಲು ತೆಗೆಯುತ್ತೇವೆ, ಕಸ ತೆಗೆಯುತ್ತೇವೆ, ಫೋಟೋ ತೆಗೆಯುತ್ತೇವೆ, ಬ್ಯಾಂಕಿನಲ್ಲಿ ಖಾತೆ ತೆಗೆಯುತ್ತೇವೆ, ಆ ಖಾತೆಯಿಂದ ಹಣವನ್ನೂ ತೆಗೆಯುತ್ತೇವೆ. ಇವಕ್ಕೆಲ್ಲ ಇಂಗ್ಲಿಷಿನಲ್ಲಿ ಬೇರೆ ಬೇರೆ ಕ್ರಿಯಾಪದಗಳು ಬೇಕು. ‘ಅಂಗಡಿ ತೆಗೆದರು’ ಎಂಬ ಮಾತಿಗೆ ಕನ್ನಡದಲ್ಲಿಯೇ ಎರಡು ವಿರುದ್ಧಾರ್ಥಗಳಿವೆ. ಬೆಳಗಿನ ಹೊತ್ತು ಹೇಳಿದರೆ ಬಾಗಿಲು ತೆರೆದರೆಂದು. ರಸ್ತೆ ಅಗಲ ಮಾಡುವವರು ಬಂದುಹೋದ ಮೇಲೆ ಹೇಳಿದರೆ ಕಿತ್ತುಹಾಕಿದರೆಂದು. ಕೇಳುವವನು ಸಂದರ್ಭದಿಂದ ಅರ್ಥಮಾಡಿಕೊಳ್ಳುತ್ತಾನೆ. ಪತ್ರಕ್ಕೆ ಆ ಸಂದರ್ಭದ ನೆರವಿಲ್ಲ. ಆದಕಾರಣ ಅನುವಾದ ಮಾಡುವವನು ಕನ್ನಡದ ಪದವನ್ನು ನೋಡದೆ, ನಡೆದ ಸಂಗತಿಯನ್ನು ನೋಡಬೇಕು. ಈ ಲೇಖನದಲ್ಲಿ ನಾನು ಹೇಳಬೇಕೆಂದಿರುವುದರ ಸಾರವೆಲ್ಲ ಇಷ್ಟೆ. ಉಳಿದದ್ದು ಇದರ ವಿವರಣೆ.

ಪದದ ರಚನೆ

‘ಓಪನ್’ ಎಂಬುದು ಇಂಗ್ಲಿಷಿನ ಸ್ವಂತ ಮಾತು. ಅದರ ಹಿಂದೆ ನಿಂತಿರುವ ‘ರೀ’ ಎಂಬ ಉಪಸರ್ಗ ಲ್ಯಾಟಿನ್ ಮೂಲದ್ದು. ಮತ್ತೆ, ಪುನಃ, ಹಿಂದಕ್ಕೆ ಎಂಬುದು ಅದರ ಅರ್ಥ. ನಾವು ಸಂಸ್ಕೃತದಿಂದ ಬಂದ ‘ಪುನರ್’ ಎಂಬುದನ್ನು ‘ಪುನರಾರಂಭ’ದಲ್ಲಿ ಸೇರಿಸಿಕೊಂಡಂತೆಯೇ ಇದು. ಹಿಂದಿನ ಪುಸ್ತಕಗಳಲ್ಲಿ ನಡುವೆ ಅಡ್ಡಗೆರೆಯಿಟ್ಟು ಬರೆಯುವ ರೂಢಿಯಿತ್ತು. ಇಂದು ಒಂದೇ ಪದವಾಗಿ ಕೂಡಿಸಿ ಬರೆಯುತ್ತಾರೆ. ಅರ್ಥ ಕೆಡುವ ಕಡೆ ಮಾತ್ರ ಅಡ್ಡಗೆರೆ ಅವಶ್ಯ. ‘ಮತ್ತೆ ಸಹಿ ಮಾಡು’ ಎಂಬುದಕ್ಕೆ ‘ರೀ’ ಆದಮೇಲೆ ಗೆರೆಯನ್ನು ಬಿಟ್ಟರೆ ಅದು ‘ರಾಜೀನಾಮೆ ಕೊಡು’ ಎಂದಾಗುತ್ತದೆ!

ಕಾಗುಣಿತದಲ್ಲಿಯೂ ಒಂದು ಎಚ್ಚರ ಬೇಕು. ‘ರೀಓಪನ್ಡ್’, ‘ರೀಓಪನಿಂಗ್’ ಎಂದು ಬರೆಯುವಾಗ ‘ಎನ್’ ಅಕ್ಷರ ಒಂದೇ. ‘ಬಿಗಿನಿಂಗ್’ ಎಂಬಲ್ಲಿ ಎರಡು ಬರುವುದನ್ನು ಕಂಡು ನಮ್ಮಲ್ಲಿ ಅನೇಕರು ಇಲ್ಲಿಯೂ ಎರಡು ಹಾಕುತ್ತಾರೆ. ‘ಬಿಗಿನ್’ ಎಂಬುದರಲ್ಲಿ ಒತ್ತು ಕೊನೆಯ ಭಾಗದ ಮೇಲೆ ಬೀಳುತ್ತದೆ, ಆದ್ದರಿಂದ ಅಲ್ಲಿ ಇಮ್ಮಡಿ. ‘ಓಪನ್’ ಎಂಬುದರಲ್ಲಿ ಒತ್ತು ‘ಓ’ ಎಂಬುದರ ಮೇಲೆ, ಆದ್ದರಿಂದ ಇಲ್ಲಿ ಒಂದೇ.

ಮೂರು ಹೆಜ್ಜೆಗಳ ಪರೀಕ್ಷೆ

ಯಾವುದೊಂದು ವಸ್ತುವಿಗೆ ‘ರೀಓಪನ್’ ಎನ್ನಬೇಕಾದರೆ ಮೂರು ಸಂಗತಿಗಳು ನಡೆದಿರಬೇಕು: ಅದು ಮೊದಲು ತೆರೆದಿರಬೇಕು, ನಡುವೆ ಮುಚ್ಚಿರಬೇಕು, ಈಗ ಮತ್ತೆ ತೆರೆಯಬೇಕು. ಮೊದಲ ಬಾರಿಗೆ ತೆರೆಯುವ ಅಂಗಡಿಗೆ ‘ಓಪನ್’ ಸಾಕು. ಎಂದೂ ಮುಚ್ಚದೆ ನಡೆಯುತ್ತಿರುವ ಆಸ್ಪತ್ರೆಗೆ ‘ರೀಓಪನ್’ ಎಂದರೆ, ಅದು ನಡುವೆ ಮುಚ್ಚಿತ್ತೆಂದು ನಾವೇ ಸಾಕ್ಷಿ ಹೇಳಿದಂತೆ. ಪತ್ರ ಬರೆಯುವಾಗ ಇದನ್ನು ಮುಖ್ಯವಾಗಿ ಗಮನಿಸಬೇಕು. ಕೆಲವು ಕಾಲ ಬಳಸದೆ ಬಿಟ್ಟ ಬ್ಯಾಂಕ್ ಖಾತೆ ಮುಚ್ಚಿದ ಖಾತೆಯಲ್ಲ. ಅದಕ್ಕೆ ‘ರೀಓಪನ್’ ಎಂದು ಬರೆದರೆ ಕೇಳಬೇಕಾದ್ದನ್ನು ಬಿಟ್ಟು ಬೇರೆಯದನ್ನು ಕೇಳಿದಂತಾಗುತ್ತದೆ.

ಹಾಸನದ ಹಾಸನಾಂಬೆಯ ಗುಡಿಯನ್ನು ನೋಡಿ. ವರ್ಷಕ್ಕೊಮ್ಮೆ, ದೀಪಾವಳಿಯ ಸುಮಾರಿಗೆ ಕೆಲವೇ ದಿನಗಳ ಕಾಲ ಅದರ ಬಾಗಿಲು ತೆರೆಯುತ್ತದೆ. ವರ್ಷವರ್ಷದ ಪದ್ಧತಿಯನ್ನು ಹೇಳುವಾಗ “ದಿ ಟೆಂಪಲ್ ಓಪನ್ಸ್ ಒನ್ಸ್ ಎ ಇಯರ್” ಎಂದರೆ ಸಾಕು. ಬಾಗಿಲು ಹಾಕಿದ ದಿನ ನಿಂತು ಮುಂದಿನ ವರ್ಷವನ್ನು ನೆನೆದು ಹೇಳುವಾಗ “ಇಟ್ ವಿಲ್ ರೀಓಪನ್ ನೆಕ್ಸ್ಟ್ ಇಯರ್” ಎನ್ನುವುದು ಸಹಜ. ಗುಡಿಯೂ ಒಂದೇ, ಬಾಗಿಲೂ ಒಂದೇ. ಮುಚ್ಚಿದ್ದು ಹೇಳುವವನ ಮನಸ್ಸಿನಲ್ಲಿ ಇದೆಯೋ ಇಲ್ಲವೋ ಎಂಬುದೇ ವ್ಯತ್ಯಾಸ.

ಇನ್ನು ‘ಅಗೇನ್’ ಎಂಬ ಮಾತು. ‘ಮತ್ತೆ’ ಎಂಬ ಅರ್ಥ ‘ರೀ’ ಎಂಬಲ್ಲಿಯೇ ಅಡಗಿರುವುದರಿಂದ “ರೀಓಪನ್ಡ್ ಅಗೇನ್” ಎಂದರೆ “ಮತ್ತೆ ಪುನಃ ತೆರೆಯಿತು” ಎಂದಂತೆ. ಆದರೆ ಇದು ಸರಿಯಾಗುವ ಒಂದು ಸಂದರ್ಭ ಉಂಟು. ಈಜಿಪ್ಟಿನ ಸೂಯೆಜ್ ಕಾಲುವೆ 1956 ರ ಯುದ್ಧದಲ್ಲಿ ಮುಚ್ಚಿ 1957 ರಲ್ಲಿ ತೆರೆಯಿತು. 1967 ರ ಯುದ್ಧದಲ್ಲಿ ಮತ್ತೆ ಮುಚ್ಚಿ, ಎಂಟು ವರ್ಷಗಳಾದ ಮೇಲೆ 1975 ರ ಜೂನ್ 5 ರಂದು ತೆರೆಯಿತು. ಎರಡು ಸಲ ಮುಚ್ಚಿ ಎರಡು ಸಲ ತೆರೆದದ್ದರಿಂದ “ದಿ ಕೆನಾಲ್ ರೀಓಪನ್ಡ್ ಇನ್ 1957 ಅಂಡ್ ಅಗೇನ್ ಇನ್ 1975” ಎಂಬುದು ಶುದ್ಧ ಪ್ರಯೋಗ. ಒಂದೇ ಸಲ ಮುಚ್ಚಿದ ಬಾಗಿಲಿಗೆ ‘ಅಗೇನ್’ ಬೇಡ.

ಕೊಡೆ, ಡಬ್ಬಿ, ಕಣ್ಣು ಮೊದಲಾದ ದಿನಬಳಕೆಯ ಮಾತುಗಳಿಗೆ ಇಂಗ್ಲಿಷರು ‘ರೀಓಪನ್’ ಎನ್ನುವುದು ಕಡಮೆ. “ಹಿ ಓಪನ್ಡ್ ಹಿಸ್ ಐಸ್ ಅಗೇನ್” ಎಂದೇ ವಾಡಿಕೆ. ಶಾಲೆ, ಅಂಗಡಿ, ರಸ್ತೆ, ಗಡಿ, ಕಾರ್ಖಾನೆ ಮುಂತಾಗಿ ಹಲವರಿಗೆ ಸಂಬಂಧಿಸಿದವುಗಳಲ್ಲಿಯೇ ಈ ಪದ ಹೆಚ್ಚಾಗಿ ಕಾಣುತ್ತದೆ.

ತೆರೆದವರು ಯಾರು?

ಈ ಕ್ರಿಯಾಪದ ಸಕರ್ಮಕವೂ ಹೌದು, ಅಕರ್ಮಕವೂ ಹೌದು. “ಈಜಿಪ್ಟ್ ರೀಓಪನ್ಡ್ ದಿ ಕೆನಾಲ್” ಎಂದರೆ ತೆರೆದವರ ಹೆಸರಿದೆ. “ದಿ ಕೆನಾಲ್ ರೀಓಪನ್ಡ್” ಎಂದರೆ ತೆರೆದವರ ಮಾತಿಲ್ಲ. ಕನ್ನಡದವರಾದ ನಮಗೆ ಇದು ವಿಚಿತ್ರವೇನೂ ಅಲ್ಲ. “ಬಾಗಿಲನ್ನು ತೆರೆದನು”, “ಬಾಗಿಲು ತೆರೆಯಿತು”. “ಕೋಲನ್ನು ಮುರಿದನು”, “ಕೋಲು ಮುರಿಯಿತು” ಎಂದು ಒಂದೇ ಧಾತುವನ್ನು ಎರಡು ಬಗೆಯಾಗಿಯೂ ನಾವು ಬಳಸುತ್ತಲೇ ಇದ್ದೇವೆ. ಕಾಲೇಜು ತಾನಾಗಿ ಬಾಗಿಲು ತೆಗೆದುಕೊಳ್ಳಲಾರದೆಂದು ಹೆದರಿ ಎಲ್ಲ ಕಡೆಯೂ ಕರ್ಮಣಿ ಪ್ರಯೋಗ ಮಾಡಬೇಕಾದ ಅವಶ್ಯಕತೆಯಿಲ್ಲ. “ದಿ ಕಾಲೇಜ್ ರೀಓಪನ್ಡ್” ಎಂಬುದೇ ಸಾಕು. ತೆರೆಯಲು ಯಾರೋ ಶ್ರಮಪಟ್ಟಿದ್ದಾರೆ, ಆಜ್ಞೆ ಮಾಡಿದ್ದಾರೆ ಎಂದು ತೋರಿಸಬೇಕಾದಲ್ಲಿ ಮಾತ್ರ “ದಿ ಬ್ರಿಡ್ಜ್ ಹ್ಯಾಸ್ ಬೀನ್ ರೀಓಪನ್ಡ್” ಎನ್ನಬೇಕು.

ಮೊದಲನೆಯ ಮಿತ್ರನ “ಈಸ್ ರೀಓಪನ್” ಎಂಬುದರ ದೋಷ ಇಲ್ಲಿ ತಿಳಿಯುತ್ತದೆ. ‘ಓಪನ್’ ಎಂಬುದು ಕ್ರಿಯಾಪದವಾಗಿರುವಂತೆ ಗುಣವಾಚಕವೂ ಆಗಿದೆ. ಆದ್ದರಿಂದ “ದಿ ಶಾಪ್ ಈಸ್ ಓಪನ್” ಸರಿ. ‘ರೀಓಪನ್’ ಎಂಬುದು ಕ್ರಿಯಾಪದ ಮಾತ್ರ. ಈಗಿನ ಸ್ಥಿತಿಯನ್ನು ಹೇಳಬೇಕಾದರೆ “ದಿ ಶಾಪ್ ಈಸ್ ಓಪನ್ ಅಗೇನ್” ಎನ್ನಬೇಕು. ಬೇಡವೆಂದು ಹೊರಗಟ್ಟಿದ ‘ಅಗೇನ್’ ಇಲ್ಲಿ ಬೇಕೇಬೇಕು.

ಕಾಲಭೇದ

ಮುಂದೆ ಗೊತ್ತಾಗಿರುವ ದಿನಕ್ಕೆ ವರ್ತಮಾನಕಾಲವನ್ನೇ ಬಳಸಬಹುದು: “ದಿ ಕಾಲೇಜ್ ರೀಓಪನ್ಸ್ ಆನ್ ಮಂಡೇ.” ‘ವಿಲ್ ರೀಓಪನ್’ ಎಂದರೂ ತಪ್ಪಿಲ್ಲ. ಕನ್ನಡದಲ್ಲಿ “ಸೋಮವಾರ ಕಾಲೇಜು ತೆರೆಯುತ್ತದೆ” ಎನ್ನುವಂತೆಯೇ ಇದು.

ಕಳೆದ ದಿನವನ್ನು ಹೆಸರಿಸಿದರೆ ಶುದ್ಧ ಭೂತಕಾಲ: “ಇಟ್ ರೀಓಪನ್ಡ್ ಯೆಸ್ಟರ್ಡೇ.” ದಿನವನ್ನು ಹೇಳದೆ, ತೆರೆದಿದೆ, ಈಗಲೂ ತೆರೆದೇ ಇದೆ ಎಂಬುದನ್ನು ತಿಳಿಸಬೇಕಾದರೆ: “ಇಟ್ ಹ್ಯಾಸ್ ರೀಓಪನ್ಡ್.” ಮೂರನೆಯ ಮಿತ್ರನು ಇವೆರಡನ್ನೂ ಬೆರೆಸಿ ‘ಹ್ಯಾಸ್’ ಜೊತೆಗೆ ‘ಯೆಸ್ಟರ್ಡೇ’ ಇಟ್ಟದ್ದೇ ದೋಷ. ನಮ್ಮ ತಂದೆಯವರ ಪತ್ರದಲ್ಲಿ ಮೇಷ್ಟ್ರು ‘ಕ್ಲೋಸ್ಡ್ ಇನ್ ಮಾರ್ಚ್’ ಎಂದು ತಿಂಗಳು ಹೇಳಿದ ಕಡೆ ಭೂತಕಾಲವನ್ನೂ, ಇಂದಿನ ಸ್ಥಿತಿ ಹೇಳುವಲ್ಲಿ ‘ಹ್ಯಾಸ್ ನೌ ರೀಓಪನ್ಡ್’ ಎಂಬುದನ್ನೂ ಇಟ್ಟದ್ದು ಸುಮ್ಮನೆ ಅಲ್ಲ. ಬ್ಯಾಂಕಿಗೆ ಬೇಕಾಗಿದ್ದದ್ದು ಅಂಗಡಿ ಈಗ ಇದೆಯೇ ಎಂಬುದು.

ನಿಷೇಧದಲ್ಲಿ “ಡಿಡ್ ನಾಟ್ ರೀಓಪನ್” ಎಂಬುದೇ ಸರಿ. ‘ಡಿಡ್’ ಬಂದ ಮೇಲೆ ‘ರೀಓಪನ್ಡ್’ ಬರಬಾರದು. ‘ಇಫ್’ ಎಂದು ಆರಂಭಿಸಿದ ವಾಕ್ಯಭಾಗದಲ್ಲಿ ‘ವಿಲ್’ ಬೇಡ. ಕೋಲಾರದ ಚಿನ್ನದ ಗಣಿಗಳು 2001 ರಲ್ಲಿ ಮುಚ್ಚಿದುವು. ಗಣಿಗಳು ಮತ್ತೆ ತೆರೆದರೆ ಊರಿನವರಿಗೆ ಕೆಲಸ ಸಿಕ್ಕೀತು ಎಂಬ ಆಸೆಯನ್ನು “ಇಫ್ ದಿ ಮೈನ್ಸ್ ರೀಓಪನ್, ಪೀಪಲ್ ವಿಲ್ ಫೈಂಡ್ ವರ್ಕ್” ಎಂದು ಬರೆಯಬೇಕು.

ಮುಂದೆ ಬರುವ ಚಿಕ್ಕ ಪದಗಳು

ದಿನಕ್ಕೆ ‘ಆನ್’, ತಿಂಗಳಿಗೂ ವರ್ಷಕ್ಕೂ ‘ಇನ್’, ಕಳೆದ ಅವಧಿಗೆ ‘ಆಫ್ಟರ್’ ಎಂಬುದು ಎಲ್ಲರಿಗೂ ತಿಳಿದದ್ದೇ. ಪ್ಯಾರಿಸ್ಸಿನ ನಾತ್ರ್ ದಾಮ್ ಮಹಾದೇವಾಲಯ 2019 ರ ಏಪ್ರಿಲ್ 15 ರಂದು ಬೆಂಕಿಗೆ ತುತ್ತಾಗಿ 2024 ರ ಡಿಸೆಂಬರಿನಲ್ಲಿ ತೆರೆಯಿತು: “ಇಟ್ ರೀಓಪನ್ಡ್ ಇನ್ ಡಿಸೆಂಬರ್ 2024, ಆಫ್ಟರ್ ಮೋರ್ ದ್ಯಾನ್ ಫೈವ್ ಇಯರ್ಸ್.”

ಯಾರ ಪಾಲಿಗೆ, ಯಾವುದರ ಪಾಲಿಗೆ ತೆರೆಯಿತು ಎಂಬುದಕ್ಕೆ ‘ಟು’ ಮತ್ತು ‘ಫಾರ್’ ಬರುತ್ತವೆ. 1962 ರಲ್ಲಿ ಮುಚ್ಚಿದ ಸಿಕ್ಕಿಮಿನ ನಾಥು ಲಾ ಕಣಿವೆದಾರಿ 2006 ರಲ್ಲಿ ವ್ಯಾಪಾರಕ್ಕೆ ತೆರೆಯಿತು: “ನಾಥು ಲಾ ರೀಓಪನ್ಡ್ ಟು ಟ್ರೇಡ್.” ನಮ್ಮ ರಾಜ್ಯದಲ್ಲಿ 2021 ರ ಜನವರಿ 1 ರಂದು ಹತ್ತನೆಯ ತರಗತಿಗೂ ದ್ವಿತೀಯ ಪಿ.ಯು.ಸಿ.ಗೂ ಶಾಲಾ ಕಾಲೇಜುಗಳು ತೆರೆದುವು: “ಕಾಲೇಜಸ್ ರೀಓಪನ್ಡ್ ಫಾರ್ ಸೆಕೆಂಡ್ ಇಯರ್ ಸ್ಟೂಡೆಂಟ್ಸ್.” ನಾನು ಆಗ ಪ್ರಥಮ ವರ್ಷದಲ್ಲಿದ್ದೆ. ವಾಕ್ಯದ ಮೊದಲೆರಡು ಪದಗಳನ್ನು ಓದಿ ಹಿಗ್ಗಿದವನಿಗೆ ‘ಫಾರ್’ ಎಂಬ ಚಿಕ್ಕ ಪದ ಬಂದು ಬಾಗಿಲು ಹಾಕಿತು. ಚಿಕ್ಕ ಪದಗಳನ್ನು ಹಗುರವಾಗಿ ಕಾಣಬಾರದೆಂದು ಆಗ ತಿಳಿಯಿತು.

ಇಲ್ಲಿಯೇ ಇನ್ನೊಂದು ಭೇದವನ್ನೂ ಹೇಳಬೇಕು. ಕಾಲೇಜು ‘ರೀಓಪನ್’ ಆಗುತ್ತದೆ. ಪಾಠಗಳು ‘ರಿಸ್ಯೂಮ್’ ಆಗುತ್ತವೆ. ನಿಂತ ಯಂತ್ರ ‘ರೀಸ್ಟಾರ್ಟ್’ ಆಗುತ್ತದೆ. ನಾವು ಮೂರಕ್ಕೂ “ಮತ್ತೆ ಶುರುವಾಯಿತು” ಎಂದು ಒಂದೇ ಮಾತಿನಲ್ಲಿ ಮುಗಿಸುವುದರಿಂದ “ಕ್ಲಾಸಸ್ ರೀಓಪನ್ಡ್” ಎಂಬ ತಪ್ಪು ನಮ್ಮ ಬಾಯಲ್ಲಿ ಬರುತ್ತದೆ.

ಬಾಗಿಲಿಲ್ಲದ ವಸ್ತುಗಳು

ಮುಗಿಯಿತೆಂದು ಕಟ್ಟಿಟ್ಟ ಮೊಕದ್ದಮೆಯನ್ನು ಮತ್ತೆ ವಿಚಾರಣೆಗೆ ಎತ್ತಿಕೊಂಡರೆ “ದಿ ಪೊಲೀಸ್ ರೀಓಪನ್ಡ್ ದಿ ಕೇಸ್.” ನಿಂತ ಸಂಧಾನ ಮತ್ತೆ ಆರಂಭವಾದರೆ “ದೇ ರೀಓಪನ್ಡ್ ಟಾಕ್ಸ್.” ಮಾಯುತ್ತಿದ್ದ ಹುಣ್ಣು ಬಾಯಿಬಿಟ್ಟರೆ “ದಿ ವೂಂಡ್ ರೀಓಪನ್ಡ್.” ಮರೆತ ದುಃಖವನ್ನು ಕೆದಕಿದರೆ “ಇಟ್ ರೀಓಪನ್ಡ್ ಓಲ್ಡ್ ವೂಂಡ್ಸ್.” ಒಂದೇ ಇಂಗ್ಲಿಷ್ ಪದಕ್ಕೆ ಕನ್ನಡದಲ್ಲಿ ಎತ್ತಿಕೊಳ್ಳು, ಆರಂಭಿಸು, ಬಾಯಿಬಿಡು, ಕೆದಕು ಎಂದು ನಾಲ್ಕು ಕ್ರಿಯೆಗಳು ಬಂದುವು. ಒಂದು ಕಡೆ ‘ತೆಗೆ’ ಎಂಬ ಕನ್ನಡಕ್ಕೆ ಹಲವು ಇಂಗ್ಲಿಷು; ಇನ್ನೊಂದು ಕಡೆ ‘ರೀಓಪನ್’ ಎಂಬ ಇಂಗ್ಲಿಷಿಗೆ ಹಲವು ಕನ್ನಡ. ಯಾವ ಭಾಷೆಯೂ ಬಡವಲ್ಲ. ಗಂಟು ಕಟ್ಟುವ ಜಾಗ ಬೇರೆ ಬೇರೆ. “ಕೇಸು ವಾಪಸು ತೆಗೆದರು” ಎಂದರೆ ಮೊಕದ್ದಮೆಯನ್ನು ಕೈಬಿಟ್ಟರು ಎಂದರ್ಥವೇ ಹೊರತು ಮತ್ತೆ ನಡೆಸಿದರು ಎಂದಲ್ಲ. ಇದನ್ನು ‘ರೀಓಪನ್’ ಎಂದು ಬರೆದ ಗುಮಾಸ್ತನು ಕಕ್ಷಿಗಾರನನ್ನು ಮತ್ತೆ ಕೋರ್ಟಿನ ಮೆಟ್ಟಿಲು ಹತ್ತಿಸಿಯಾನು!

ಅಭ್ಯಾಸ

ಸಹಪಾಠಿಗಳು ಈ ವಾಕ್ಯಗಳನ್ನು ಉತ್ತರ ನೋಡದೆ ಇಂಗ್ಲಿಷಿಗೆ ತಿರುಗಿಸಲಿ:

1. ಗ್ರಂಥಾಲಯ ನಾಳೆ ಮತ್ತೆ ತೆರೆಯುತ್ತದೆ.
2. ಹೊಸ ಅಂಚೆ ಕಚೇರಿ ನಿನ್ನೆ ತೆರೆಯಿತು.
3. ಘಾಟಿ ರಸ್ತೆ ಇನ್ನೂ ತೆರೆದಿಲ್ಲ.
4. ಅಂಗಡಿ ಈಗ ಮತ್ತೆ ತೆರೆದಿದೆ.

ಉತ್ತರಗಳು: (1) ದಿ ಲೈಬ್ರರಿ ರೀಓಪನ್ಸ್ ಟುಮಾರೋ. (2) ದಿ ನ್ಯೂ ಪೋಸ್ಟ್ ಆಫೀಸ್ ಓಪನ್ಡ್ ಯೆಸ್ಟರ್ಡೇ; ಹೊಸದಾದ್ದರಿಂದ ಇಲ್ಲಿ ‘ರೀ’ ಸಲ್ಲದು. (3) ದಿ ಘಾಟ್ ರೋಡ್ ಹ್ಯಾಸ್ ನಾಟ್ ರೀಓಪನ್ಡ್ ಯೆಟ್. (4) ದಿ ಶಾಪ್ ಈಸ್ ಓಪನ್ ಅಗೇನ್. ಅಥವಾ, ದಿ ಶಾಪ್ ಹ್ಯಾಸ್ ರೀಓಪನ್ಡ್.

ಮುಗಿಸುವ ಮುನ್ನ ಒಂದು ಮಾತು. ತಪ್ಪು ಇಂಗ್ಲಿಷ್ ಕೇಳಿ ತರಗತಿಯಲ್ಲಿ ನಗುವುದು ಸುಲಭ. ಆದರೆ ನಮ್ಮಲ್ಲಿ ಹಲವರ ಮನೆಗಳಲ್ಲಿ ಇಂಗ್ಲಿಷಿನಲ್ಲಿ ಅರ್ಜಿ ಬರೆಯಬಲ್ಲವರು ನಾವೊಬ್ಬರೇ. ನಾವು ಬರೆದ ವಾಕ್ಯವನ್ನು ನಂಬಿ ಓದು ಬಾರದ ತಂದೆ ತಾಯಿಗಳು ಕಚೇರಿಯ ಮುಂದೆ ನಿಲ್ಲುತ್ತಾರೆ. ಅವರಿಗಾಗಿಯಾದರೂ ದೊಡ್ಡ ಶಬ್ದಗಳ ಹುಚ್ಚನ್ನು ಬಿಟ್ಟು, ಗೊತ್ತಿರುವ ಚಿಕ್ಕ ಪದಗಳನ್ನು ಸರಿಯಾಗಿ ಬಳಸಲು ಕಲಿಯೋಣ.

ತಿದ್ದಿದ ಪತ್ರ ಕೊಟ್ಟ ಮೇಲೆ ಸಾಲ ಬಂತು. ತಂದೆಯವರು ಮೊದಲು ಬಿಡಿಸಿಕೊಂಡು ಬಂದದ್ದು ಅಮ್ಮನ ಓಲೆಗಳನ್ನು. ಅಂಗಡಿ ಈಗಲೂ ನಡೆಯುತ್ತಿದೆ. ಬೆಳಗಿನ ಐದು ಗಂಟೆಗೆ “ಅಂಗ್ಡಿ ತೆಗೀಬೇಕು, ಏಳೋ” ಎಂದು ತಂದೆಯವರು ಎಬ್ಬಿಸುವಾಗಲೆಲ್ಲ, ಆ ಮಾತನ್ನು ಇಂಗ್ಲಿಷಿಗೆ ಹೇಗೆ ತಿರುಗಿಸಬೇಕೆಂಬುದು ನನಗೆ ಈಗ ಚೆನ್ನಾಗಿ ಗೊತ್ತಿದೆ.